ರುವಾಂ ಊರಿಗೆ ಒಂದು ದಿನ: ವಾರದ ಯಾವ ದಿನ ಹೋಗಬೇಕು, ಯಾವ ಕಡೆಯಿಂದ ನಡೆಯಬೇಕು?

ಪಯಣಿಗ_ಹಾಸನ:
ನಮಸ್ಕಾರ. ಪ್ಯಾರಿಸ್‌ನಲ್ಲಿ ಒಂದು ವಾರ ಇರುತ್ತೇವೆ, ಅದರಲ್ಲಿ ಒಂದು ದಿನ ನಾರ್ಮಂಡಿಯ ರುವಾಂ ಊರಿಗೆ ಮೀಸಲು. ಕ್ಯಾಥೆಡ್ರಲ್, ಸ್ಯಾಂ-ಮಾಕ್ಲು, ಸ್ಯಾಂತ್-ವಾಂ, ಜೋನ್ ಆಫ್ ಆರ್ಕ್ ಚರ್ಚ್, ಈ ನಾಲ್ಕನ್ನೂ ಹೊರಗಿನಿಂದಷ್ಟೇ ಅಲ್ಲ, ಒಳಗೆ ಹೋಗಿ ನೋಡಬೇಕು. ಜೊತೆಗೆ ಅಮ್ಮ ಇದ್ದಾರೆ. ನಡೆಯುತ್ತಾರೆ, ಮೆಟ್ಟಿಲು ಮಾತ್ರ ಆಗಲ್ಲ, ಮಂಡಿ ಹಿಡಿದುಕೊಳ್ಳುತ್ತೆ. ಸದ್ಯಕ್ಕೆ ಸೋಮವಾರ ಅಂತ ಇಟ್ಟುಕೊಂಡಿದ್ದೇವೆ, ಶುಕ್ರವಾರಕ್ಕೂ ಬದಲಾಯಿಸಬಹುದು. ಒಂದೇ ದಿನಕ್ಕೆ ಆಗುತ್ತಾ? ನಾವು ಪೂರ್ತಿ ಸಸ್ಯಾಹಾರಿಗಳು.

ಕಲ್ಲುಕಮಾನು:
ಒಂದೇ ದಿನಕ್ಕೆ ಧಾರಾಳವಾಗಿ ಆಗುತ್ತೆ. ಆದರೆ ನೀವು ಹೇಳಿದ ಎರಡು ದಿನಗಳೇ ರುವಾಂಗೆ ಅತಿ ಕೆಟ್ಟವು.

ಸೋಮವಾರ ಬೆಳಗ್ಗೆ ಕ್ಯಾಥೆಡ್ರಲ್ ಬಾಗಿಲು ತೆರೆಯುವುದಿಲ್ಲ, ಮಧ್ಯಾಹ್ನ 2ರ ನಂತರವೇ. ಸ್ಯಾಂತ್-ವಾಂ ಸೋಮವಾರ ರಜಾ. ಗ್ರೋ-ಒರ್ಲೋಜ್ ಗಡಿಯಾರದ ಗೋಪುರವೂ ಸೋಮವಾರ ರಜಾ. ಶುಕ್ರವಾರ ಅಂದರೆ ಸ್ಯಾಂತ್-ವಾಂ ಮತ್ತೆ ರಜಾ, ಸ್ಯಾಂ-ಮಾಕ್ಲು ಕೂಡ ಇಲ್ಲ, ಜೋನ್ ಆಫ್ ಆರ್ಕ್ ಚರ್ಚ್ ಬೆಳಗ್ಗೆ ಮುಚ್ಚಿರುತ್ತೆ. ಮಂಗಳವಾರ ಮ್ಯೂಸಿಯಂಗಳಿಗೆ ರಜಾ. ಭಾನುವಾರ ಬೆಳಗ್ಗೆ ಬಲಿಪೂಜೆ, ಆ ಹೊತ್ತಲ್ಲಿ ಒಳಗೆ ತಿರುಗಾಡಲು ಬಿಡುವುದಿಲ್ಲ. ಇನ್ನು ಸ್ಯಾಂ-ಮಾಕ್ಲು ಸಾಮಾನ್ಯವಾಗಿ ತೆರೆಯುವುದೇ ಶನಿ, ಭಾನು, ಸೋಮ ಮೂರು ದಿನ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಡ್ಡಗೆರೆ ಎಳೆಯುತ್ತಾ ಹೋದರೆ ಉಳಿಯುವುದು ಶನಿವಾರ ಒಂದೇ. ಪ್ಯಾರಿಸ್ ಕಾರ್ಯಕ್ರಮವನ್ನು ಹೇಗೆ ಬೇಕಾದರೂ ತಿರುಗಿಸಿ, ರುವಾಂಗೆ ಶನಿವಾರವನ್ನೇ ಇಟ್ಟುಕೊಳ್ಳಿ. ಋತುವಿಗೆ ತಕ್ಕಂತೆ ವೇಳೆ ಬದಲಾಗುತ್ತೆ, ಹಿಂದಿನ ದಿನ ಒಮ್ಮೆ ಖಚಿತಪಡಿಸಿಕೊಳ್ಳಿ.

ಗಾಜುಕಿಟಕಿ:
ಕಲ್ಲುಕಮಾನು ಹೇಳಿದ್ದಕ್ಕೆ ಇನ್ನೊಂದು ಸೇರಿಸಿ: ಮಧ್ಯಾಹ್ನದ ಬೀಗ. ಸ್ಯಾಂತ್-ವಾಂ, ಸ್ಯಾಂ-ಮಾಕ್ಲು, ಜೋನ್ ಆಫ್ ಆರ್ಕ್ ಚರ್ಚ್ ಮೂರೂ 12ರಿಂದ 2ರವರೆಗೆ ಮುಚ್ಚಿರುತ್ತವೆ. ಚಳಿಗಾಲದಲ್ಲಿ ಕ್ಯಾಥೆಡ್ರಲ್ ಕೂಡ ಅದೇ ಕತೆ. 10ಕ್ಕೆ ಊರು ತಲುಪಿದರೆ ಮೊದಲ ಭಾಗಕ್ಕೆ ಎರಡೇ ಗಂಟೆ ಸಿಗುವುದು.

ಎಲ್ಲರೂ ಮಾಡುವ ಎಡವಟ್ಟು ಏನೆಂದರೆ, ಸ್ಟೇಷನ್‌ನಿಂದ ನೇರ ಇಳಿದು ಕ್ಯಾಥೆಡ್ರಲ್ ಎದುರು ಹೋಗಿ ನಿಲ್ಲುವುದು. ಅದರ ಮುಂಭಾಗ ಇರುವುದು ಪಶ್ಚಿಮಕ್ಕೆ. ಬೆಳಗ್ಗೆ ಹೋದರೆ ಮುಖವೆಲ್ಲ ನೆರಳಲ್ಲಿ, ಹಿಂದಿನಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತೆ, ಫೋಟೋದಲ್ಲಿ ಕಪ್ಪು ಗುಡ್ಡದ ಹಾಗೆ ಕಾಣುತ್ತೆ. ಅಲ್ಲೇ 11 ಗಂಟೆ ಆಗಿಬಿಟ್ಟರೆ ಸ್ಯಾಂತ್-ವಾಂ, ಸ್ಯಾಂ-ಮಾಕ್ಲು ಎರಡಕ್ಕೂ ಬೀಗ ಬೀಳುವಷ್ಟರಲ್ಲಿ ಓಡಬೇಕು.

ಆದ್ದರಿಂದ ಪೂರ್ವದಿಂದ ಶುರು ಮಾಡಿ ಪಶ್ಚಿಮಕ್ಕೆ ನಡೆಯಿರಿ. ಸ್ಟೇಷನ್ ಹೆಸರು ರುವಾಂ ರೀವ್-ದ್ರುವಾತ್. ಎದುರಿಗೇ ಇಳಿಜಾರಾಗಿ ಹೋಗುವ ರಸ್ತೆ ರ್ಯೂ ಝಾನ್-ದಾರ್ಕ್. ಅದರಲ್ಲಿ ಐದಾರು ನಿಮಿಷ ಇಳಿದರೆ ಎಡಗಡೆ ಸ್ಕ್ವೇರ್ ವೆರ್‌ದ್ರೆಲ್ ಎಂಬ ಪುಟ್ಟ ಉದ್ಯಾನ, ಪಕ್ಕದಲ್ಲಿ ಲಲಿತಕಲಾ ಮ್ಯೂಸಿಯಂ. ಅಲ್ಲಿ ಎಡಕ್ಕೆ ತಿರುಗಿ ರ್ಯೂ ಝಾನ್-ಲೆಕಾನ್ಯುಯೆಯಲ್ಲಿ ನೇರ ನಡೆದರೆ ನಗರಸಭೆಯ ಚೌಕ. ಕುದುರೆ ಮೇಲೆ ನೆಪೋಲಿಯನ್ ಕಂಡರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ನಗರಸಭೆ ಇರುವುದು ಸ್ಯಾಂತ್-ವಾಂ ಮಠದ ಹಳೆಯ ಶಯನಾಗಾರದ ಕಟ್ಟಡದಲ್ಲಿ, ಅದಕ್ಕೆ ಅಂಟಿಕೊಂಡೇ ಚರ್ಚ್. ಸ್ಟೇಷನ್‌ನಿಂದ ಹದಿನೈದು ನಿಮಿಷ, ಅಮ್ಮನವರ ಜೊತೆ ಇಪ್ಪತ್ತು ಇಟ್ಟುಕೊಳ್ಳಿ.

ಮುಂದಿನದು ಹೀಗೆ: ಸ್ಯಾಂತ್-ವಾಂ 11ರವರೆಗೆ, ರ್ಯೂ ದಾಮಿಯೆತ್ ಮೂಲಕ ಸ್ಯಾಂ-ಮಾಕ್ಲು 11:15ರಿಂದ 11:50, ಪಕ್ಕದ ಎತ್ರ್ ಅಂಗಳ (ಅದಕ್ಕೆ ಮಧ್ಯಾಹ್ನದ ಬೀಗ ಇಲ್ಲ), ಊಟ, 2ಕ್ಕೆ ರ್ಯೂ ಸ್ಯಾಂ-ರೋಮ್ಯಾಂ ಮೂಲಕ ಕ್ಯಾಥೆಡ್ರಲ್, ಅಲ್ಲಿಂದ ಗಡಿಯಾರ, ಕೊನೆಗೆ ವಿಯು-ಮಾರ್ಶೆ ಚೌಕದ ಜೋನ್ ಆಫ್ ಆರ್ಕ್ ಚರ್ಚ್, 5 ಗಂಟೆಯೊಳಗೆ.

ಪಯಣಿಗ_ಹಾಸನ:
ತುಂಬಾ ಉಪಕಾರ ಆಯ್ತು. ಶನಿವಾರಕ್ಕೆ ಬದಲಾಯಿಸಲು ನೋಡುತ್ತೇನೆ. ಅಕಸ್ಮಾತ್ ಆಗದಿದ್ದರೆ ಎರಡನೇ ಆಯ್ಕೆ ಯಾವುದು?

ಕಲ್ಲುಕಮಾನು:
ಬುಧ ಅಥವಾ ಗುರುವಾರ. ಕಳೆದುಕೊಳ್ಳುವುದು ಸ್ಯಾಂ-ಮಾಕ್ಲುವಿನ ಒಳಭಾಗ ಮಾತ್ರ. ನನ್ನನ್ನು ಕೇಳಿದರೆ ಆ ಚರ್ಚಿನ ಸೊಗಸು ಮುಕ್ಕಾಲು ಪಾಲು ಹೊರಗೇ ಇದೆ. ಐದು ಕಮಾನುಗಳ ಮುಖಮಂಟಪ, ಅದೂ ನೇರ ಗೋಡೆಯಲ್ಲ, ಬಿಲ್ಲಿನಂತೆ ಮುಂದಕ್ಕೆ ಬಾಗಿದೆ. ಐದರಲ್ಲಿ ಬಾಗಿಲು ಇರುವುದು ಮೂರಕ್ಕೆ ಮಾತ್ರ. ಕಟ್ಟಲು ಶುರುವಾದದ್ದು 1437ರಲ್ಲಿ, ಪಿಯೆರ್ ರೊಬ್ಯಾಂ ಎಂಬ ವಾಸ್ತುಶಿಲ್ಪಿಯ ನಕ್ಷೆ, ಪ್ರತಿಷ್ಠೆ ಆದದ್ದು 1521ರಲ್ಲಿ. ಜ್ವಾಲೆಯ ನಾಲಿಗೆಯಂತೆ ಕಲ್ಲು ತಿರುಚುವ ಫ್ಲಾಂಬೊಯಾಂಟ್ ಗೋಥಿಕ್ ಅಂದರೆ ಏನೆಂದು ಒಂದೇ ಕಟ್ಟಡದಲ್ಲಿ ತೋರಿಸಬೇಕಾದರೆ ಇದನ್ನೇ ತೋರಿಸಬೇಕು.

ಆ ಬಾಗಿಲುಗಳ ಮುಂದೆ ಹತ್ತು ನಿಮಿಷ ನಿಲ್ಲಿ. ಕಲ್ಲೆಲ್ಲ 15ನೇ ಶತಮಾನದ ಗೋಥಿಕ್, ಮರದ ಬಾಗಿಲು ಮಾತ್ರ 16ನೇ ಶತಮಾನದ ರಿನೈಸಾನ್ಸ್ ಕೆತ್ತನೆ. ಝಾನ್ ಗುಜೋಂ ಎಂಬ ಶಿಲ್ಪಿಯದ್ದು ಎನ್ನುತ್ತಾರೆ. ನಡುಬಾಗಿಲಿನ ಒಂದು ಫಲಕದಲ್ಲಿ ಯೇಸುವಿನ ಸುನ್ನತಿ, ಇನ್ನೊಂದರಲ್ಲಿ ದೀಕ್ಷಾಸ್ನಾನ. ಅಲ್ಲಿಂದ ಎಡ ಮೂಲೆಗೆ ಬನ್ನಿ, ಗೋಡೆಗೆ ಸೇರಿದಂತೆ ಹಳೆಯ ಕಾರಂಜಿ ಇದೆ. ಉಚ್ಚೆ ಹೊಯ್ಯುತ್ತಿರುವ ಇಬ್ಬರು ಹುಡುಗರು. ಸವೆದು ಮೊಂಡಾಗಿರುವುದರಿಂದ ಜನ ಗಮನಿಸದೆ ಮುಂದೆ ಹೋಗುತ್ತಾರೆ.

ನಾರ್ಮಂಡಿ_ಕನ್ನಡಿಗ:
ರೈಲಿನ ವಿಷಯ. ಪ್ಯಾರಿಸ್‌ನ ಸ್ಯಾಂ-ಲಝಾರ್ ಸ್ಟೇಷನ್‌ನಿಂದ ಹೊರಡಬೇಕು, ಬೇರೆ ಸ್ಟೇಷನ್‌ಗೆ ಹೋಗಬೇಡಿ. ವೇಗದ ರೈಲು ಹಿಡಿದರೆ ಸುಮಾರು ಒಂದೂವರೆ ಗಂಟೆ, ಎಲ್ಲೆಂದರಲ್ಲಿ ನಿಲ್ಲುವ ರೈಲಿಗೆ ಇನ್ನೂ ಹೆಚ್ಚು. ಬೋರ್ಡ್‌ನಲ್ಲಿ ಕೆಲವಕ್ಕೆ ಲೆ ಆವ್ರ್ ಎಂದಿರುತ್ತೆ, ಅದೂ ರುವಾಂ ಮೂಲಕವೇ ಹೋಗುತ್ತೆ. ಪ್ಲಾಟ್‌ಫಾರಂ ಸಂಖ್ಯೆ ಹಾಕುವುದು ಹೊರಡುವುದಕ್ಕೆ ಸ್ವಲ್ಪ ಮುಂಚೆ ಅಷ್ಟೇ, ಆಗ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಅಮ್ಮನವರನ್ನು ಬೋರ್ಡ್ ಹತ್ತಿರ ಕೂರಿಸಿ, ಗಡಿಬಿಡಿ ಬೇಡ. ಫ್ರೆಂಚ್ ರೈಲ್ವೆಯ ಎಸ್‌ಎನ್‌ಸಿಎಫ್ ಕನೆಕ್ಟ್ ಆಪ್‌ನಲ್ಲಿ ಹೋಗಿಬರುವ ಟಿಕೆಟ್ ಮೊದಲೇ ತೆಗೆದರೆ ಅಗ್ಗ. ವಾಪಸಿಗೆ ಕೊನೆಯ ರೈಲನ್ನು ನೆಚ್ಚಿಕೊಳ್ಳಬೇಡಿ, ಅದರ ಹಿಂದಿನದಕ್ಕೆ ತೆಗೆಯಿರಿ.

ಊಟ: ಹೋಟೆಲುಗಳ ಅಡುಗೆಮನೆ 12ರಿಂದ 2ರವರೆಗೆ ಮಾತ್ರ. 2:15ಕ್ಕೆ ಹೋದರೆ ಕಾಫಿ ಕೊಡುತ್ತಾರೆ, ಊಟ ಇಲ್ಲ. ಚರ್ಚುಗಳೂ ಅದೇ ಹೊತ್ತಿಗೆ ಮುಚ್ಚುವುದರಿಂದ ಇದು ಒಂದು ರೀತಿ ಅನುಕೂಲವೇ. ಸಸ್ಯಾಹಾರಿಗಳಿಗೆ ಸುಲಭದ ದಾರಿ ಕ್ರೆಪ್, ಅಂದರೆ ತೆಳು ದೋಸೆಯಂಥ ತಿಂಡಿಯ ಅಂಗಡಿ. ಅಲ್ಲಿ ಬಕ್‌ವೀಟ್ ಹಿಟ್ಟಿನ ಖಾರದ ಗ್ಯಾಲೆಟ್ ಸಿಗುತ್ತೆ, ಅಣಬೆ, ಚೀಸ್, ಪಾಲಕ್ ಹಾಕಿಸಿಕೊಳ್ಳಬಹುದು. ಮೆನುವಿನಲ್ಲಿ ಕಾಂಪ್ಲೇತ್ ಎಂದಿದ್ದರೆ ಹ್ಯಾಮ್, ಮೊಟ್ಟೆ, ಚೀಸ್ ಮೂರೂ ಇರುತ್ತವೆ, ಅದು ಬೇಡ. ಆರ್ಡರ್ ಕೊಡುವಾಗ "ಸಾಂ ಜಾಂಬೋಂ, ಸಾಂ ಲಾರ್ದೋಂ" ಎನ್ನಿ, ಹ್ಯಾಮ್ ಬೇಡ, ಲಾರ್ದೋಂ ಬೇಡ ಎಂದರ್ಥ. ಲಾರ್ದೋಂ ಎಂದರೆ ಹಂದಿಮಾಂಸದ ಸಣ್ಣ ಚೂರು, ಸಲಾಡ್‌ನಲ್ಲೂ ಹೇಳದೆ ಕೇಳದೆ ಉದುರಿಸುತ್ತಾರೆ. ಮೊಟ್ಟೆ ತಿನ್ನದವರು ಗ್ಯಾಲೆಟ್ ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಎಂದೂ ಕೇಳಬೇಕು. ಸಿಹಿ ಕ್ರೆಪ್ ಹಿಟ್ಟಿಗೆ ಮೊಟ್ಟೆ ಹಾಕಿಯೇ ಹಾಕುತ್ತಾರೆ.

ಅರೆಕಾಲಿಕ:
ಚೀಸ್ ಬಗ್ಗೆ ಕಟ್ಟುನಿಟ್ಟಿನವರಾದರೆ ಒಂದು ಮಾತು. ಸಾಂಪ್ರದಾಯಿಕ ಫ್ರೆಂಚ್ ಚೀಸ್‌ಗಳಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಆ ಕಡೆಯ ಹೃದಯದಾಕಾರದ ನಫ್‌ಶಾತೆಲ್ ಚೀಸ್ ನೋಡಲು ಚೆಂದ, ಆದರೆ ಇದು ಗೊತ್ತಿದ್ದೇ ಖರೀದಿಸಿ. ಇಲ್ಲದಿದ್ದರೆ ಬ್ರೆಡ್ಡು, ಹಣ್ಣು ತೆಗೆದುಕೊಂಡು ಸ್ಯಾಂತ್-ವಾಂ ಹಿಂದಿನ ಉದ್ಯಾನದಲ್ಲಿ ಕೂತುಬಿಡಿ. ಬೆಂಚುಗಳಿವೆ, ಚರ್ಚಿನ ಹಿಂಭಾಗ ಪೂರ್ತಿ ಕಾಣುತ್ತೆ.

ನೇರಮಾತು:
ಒಂದು ದಿನಕ್ಕೆ ನಾಲ್ಕು ಚರ್ಚ್ ಅತಿಯಾಯಿತು ಅನ್ನಿಸುವುದಿಲ್ಲವೇ? ಮೂರನೆಯದಕ್ಕೆ ಬರುವಷ್ಟರಲ್ಲಿ ಎಲ್ಲ ಕಮಾನೂ ಒಂದೇ ಥರ ಕಾಣುತ್ತೆ. ಸ್ಯಾಂತ್-ವಾಂ ಬಿಟ್ಟುಬಿಡಿ. ಅದು ಈಗ ಚರ್ಚ್ ಆಗಿಯೂ ಉಳಿದಿಲ್ಲ, ಸಂಗೀತ ಕಛೇರಿ, ಪ್ರದರ್ಶನ ನಡೆಸುವ ಖಾಲಿ ಸಭಾಂಗಣ. ಮುಂಭಾಗವಂತೂ 19ನೇ ಶತಮಾನದಲ್ಲಿ ಕಟ್ಟಿದ್ದು.

ಗಾಜುಕಿಟಕಿ:
ಮುಂಭಾಗ 19ನೇ ಶತಮಾನದ್ದು, ಹೌದು. ಆದರೆ ಖಾಲಿ ಇರುವುದೇ ಅದರ ದೊಡ್ಡ ಗುಣ. 1318ರಲ್ಲಿ ಮಠಾಧಿಪತಿ ಝಾನ್ ರುಸೆಲ್ ಶುರು ಮಾಡಿಸಿದ ಕಟ್ಟಡ, ಕಮಾನು ಛಾವಣಿಯ ಎತ್ತರ 33 ಮೀಟರ್. ಕ್ಯಾಥೆಡ್ರಲ್‌ನ ಛಾವಣಿ 28 ಮೀಟರ್. ಮಹಾಧರ್ಮಾಧ್ಯಕ್ಷರ ಚರ್ಚಿಗಿಂತ ಮಠದ ಚರ್ಚು ಎತ್ತರ! ಕುರ್ಚಿ, ವೇದಿಕೆ, ಫಲಕಗಳ ಗೊಂದಲ ಇಲ್ಲದ್ದರಿಂದ ಬಾಗಿಲಿನಿಂದ ಕೊನೆಯವರೆಗೆ ಕಂಬದ ಸಾಲು ತಡೆಯಿಲ್ಲದೆ ಕಾಣುತ್ತೆ. 14ನೇ ಶತಮಾನದ ಗಾಜಿನಲ್ಲಿ ಹೆಚ್ಚಿನ ಭಾಗ ಬಿಳಿಚು, ನಡುವೆ ಒಂದು ಪಟ್ಟಿ ಮಾತ್ರ ಬಣ್ಣದ ಸಂತರು. ಹಾಗಾಗಿ ಒಳಗೆ ಬೆಳಕೋ ಬೆಳಕು. ಬೆಳಗ್ಗೆ ಇದನ್ನು ನೋಡಿ ಮಧ್ಯಾಹ್ನ ಕ್ಯಾಥೆಡ್ರಲ್‌ನ 13ನೇ ಶತಮಾನದ ಕಡುನೀಲಿ, ಕಡುಕೆಂಪು ಗಾಜಿನ ಮುಂದೆ ನಿಂತರೆ ನೂರು ವರ್ಷದಲ್ಲಿ ಗಾಜಿನ ಕೆಲಸ ಎಷ್ಟು ಬದಲಾಯಿತು ಎಂದು ಯಾರೂ ಹೇಳದೆಯೇ ಗೊತ್ತಾಗುತ್ತೆ. "ಎಲ್ಲ ಒಂದೇ ಥರ" ಅನ್ನಿಸುವುದು ಕ್ರಮ ತಪ್ಪಿ ನೋಡಿದಾಗ.

ಸ್ವರಮಂಡಲ:
ಸ್ಯಾಂತ್-ವಾಂನ ಆರ್ಗನ್ ಬಗ್ಗೆ ಯಾರೂ ಹೇಳಲಿಲ್ಲ! 1890ರ ಕವಾಯೆ-ಕೊಲ್ ವಾದ್ಯ, ನಾಲ್ಕು ಕೀಲಿಮಣೆ, 64 ಸ್ವರಶ್ರೇಣಿ. ಆ ತಯಾರಕನ ಕೊನೆಯ ದೊಡ್ಡ ಕೆಲಸಗಳಲ್ಲಿ ಒಂದು. ಉದ್ಘಾಟನೆಯಲ್ಲಿ ನುಡಿಸಿದವನು ಸಂಗೀತಕಾರ ವಿದೋರ್. ಆಮೇಲೆ ಆ ವಾದ್ಯವನ್ನು ಪೂರ್ತಿ ಬದಲಾಯಿಸುವ ಗೋಜಿಗೆ ಯಾರೂ ಹೋಗಲಿಲ್ಲ, ಹಾಗಾಗಿ ಆ ಕಾಲದ ನಾದವೇ ಉಳಿದಿದೆ. ಶನಿವಾರ, ಭಾನುವಾರ ಕಛೇರಿ ಇದ್ದರೆ ಬಾಗಿಲಲ್ಲೇ ಚೀಟಿ ಅಂಟಿಸಿರುತ್ತಾರೆ.

ಕಲ್ಲುಕಮಾನು:
ಸ್ಯಾಂತ್-ವಾಂನಲ್ಲಿ ಇನ್ನೊಂದು ಹುಡುಕಿ: ವಾಸ್ತುಶಿಲ್ಪಿಗಳ ಸಮಾಧಿ ಚಪ್ಪಡಿ. ಅಲೆಕ್ಸಾಂದ್ರ್ ದ ಬೆರ್ನ್‌ವಾಲ್ ಮತ್ತು ಕೊಲ್ಯಾಂ, ಇಬ್ಬರ ಚಿತ್ರ, ಕೈಯಲ್ಲಿ ಕೈವಾರ. ಶಿಷ್ಯ ಮಾಡಿದ ಗುಲಾಬಿ ಕಿಟಕಿ ತನ್ನದಕ್ಕಿಂತ ಚೆನ್ನಾಯಿತೆಂದು ಗುರು ಅವನನ್ನು ಕೊಂದ ಎಂಬ ಕತೆ ಊರಲ್ಲಿದೆ. ಕತೆ ಅಷ್ಟೇ. ನಮ್ಮ ಜಕಣಾಚಾರಿ ಕತೆ ಕೇಳಿದವರಿಗೆ ಇದೇನು ಹೊಸದಲ್ಲ ಬಿಡಿ.

ಇದರ ಆವರಣದಲ್ಲಿದ್ದ ಸ್ಮಶಾನದಲ್ಲೇ 1431ರ ಮೇ 24ರಂದು, ಇಂಗ್ಲಿಷರ ವಿರುದ್ಧ ಫ್ರೆಂಚರ ಪರ ಹೋರಾಡಿ ಸೆರೆಸಿಕ್ಕ ಜೋನ್ ಆಫ್ ಆರ್ಕ್‌ಳಿಂದ ತಪ್ಪೊಪ್ಪಿಗೆ ಪಡೆದದ್ದು. ಆಕೆ ಅದನ್ನು ಹಿಂತೆಗೆದುಕೊಂಡಳು. ಮೇ 30ರಂದು ವಿಯು-ಮಾರ್ಶೆಯಲ್ಲಿ ಸುಟ್ಟರು. ಗಾಜುಕಿಟಕಿ ಕೊಟ್ಟ ದಾರಿ ಆ ಆರು ದಿನಗಳ ಕ್ರಮದಲ್ಲೇ ಹೋಗುತ್ತೆ, ನಡುವೆ ರ್ಯೂ ಸ್ಯಾಂ-ರೋಮ್ಯಾಂನಲ್ಲಿ ಮಹಾಧರ್ಮಾಧ್ಯಕ್ಷರ ಅರಮನೆ. 1456ರಲ್ಲಿ, ಅವಳು ಧರ್ಮದ್ರೋಹಿ ಎಂಬ ತೀರ್ಪು ರದ್ದು ಎಂದು ಸಾರಿದ್ದು ಅದೇ ಅರಮನೆಯಲ್ಲಿ. ಈಗ ಅಲ್ಲಿ ಅವಳ ವಿಚಾರಣೆಯ ಕುರಿತ ಪ್ರದರ್ಶನಾಲಯ ಇದೆ, ಟಿಕೆಟ್ ಇದೆ, ಸಮಯವೂ ತಿನ್ನುತ್ತೆ. ಚರ್ಚುಗಳೇ ಮುಖ್ಯವಾದರೆ ಬಿಡಿ.

ಪಯಣಿಗ_ಹಾಸನ:
ಎತ್ರ್ ಅಂದರೆ ಏನು? ನನ್ನ ಪಟ್ಟಿಯಲ್ಲೇ ಇರಲಿಲ್ಲ.

ನಾರ್ಮಂಡಿ_ಕನ್ನಡಿಗ:
ಎತ್ರ್ ಸ್ಯಾಂ-ಮಾಕ್ಲು ಅಂದರೆ ಆ ಚರ್ಚಿನ ಹಳೆಯ ಸ್ಮಶಾನದ ಅಂಗಳ. 1348ರ ಮಹಾಪ್ಲೇಗ್‌ನಲ್ಲಿ ಹೆಣ ಹೂಳಲು ಜಾಗ ಸಾಲದೆ ಹೊಸದಾಗಿ ಮಾಡಿದ್ದು. 16ನೇ ಶತಮಾನದಲ್ಲಿ ಮತ್ತೆ ಪ್ಲೇಗ್ ಬಂದಾಗ 1526ರಿಂದ ಸುತ್ತಲೂ ಮರದ ಮೊಗಸಾಲೆ ಕಟ್ಟಿ, ಹಳೆಯ ಮೂಳೆಗಳನ್ನು ತೆಗೆದು ಅಟ್ಟದ ಮೇಲೆ ಪೇರಿಸಿದರು. ತೊಲೆಗಳ ಮೇಲೆ ತಲೆಬುರುಡೆ, ಅಡ್ಡಮೂಳೆ, ಗುದ್ದಲಿ, ಹಾರೆ, ಶವಪೆಟ್ಟಿಗೆಗಳ ಕೆತ್ತನೆ ಸಾಲುಸಾಲಾಗಿ ಇದೆ. ಕಂಬಗಳ ಮೇಲೆ ಸಾವು ಒಬ್ಬೊಬ್ಬರನ್ನೇ ಕೈಹಿಡಿದು ಎಳೆದೊಯ್ಯುವ ಶಿಲ್ಪಗಳಿದ್ದವು, ಮುಖಗಳೆಲ್ಲ ಒಡೆದಿವೆ. ಗೋಡೆಯಲ್ಲಿ ಸಿಕ್ಕಿದ ಒಣಗಿದ ಬೆಕ್ಕೊಂದನ್ನು ಗಾಜಿನ ಹಿಂದೆ ಇಟ್ಟಿದ್ದಾರೆ, ಮಕ್ಕಳಿದ್ದರೆ ಮೊದಲು ಕಂಡುಹಿಡಿಯುವುದು ಅದನ್ನೇ. ಪ್ರವೇಶ ಉಚಿತ, ಮೆಟ್ಟಿಲಿಲ್ಲ, ಕೂರಲು ಜಾಗ ಇದೆ. ವಿಳಾಸ 186, ರ್ಯೂ ಮಾರ್ತ್ಯಾಂವೀಲ್. ಹೊರಗಿನಿಂದ ನೋಡಿದರೆ ಮಾಮೂಲಿ ಮನೆಯ ದಾರಿ, ನಂಬರ್ ನೋಡಿಕೊಂಡೇ ಒಳಗೆ ಹೋಗಬೇಕು.

ಗಾಜುಕಿಟಕಿ:
ಕ್ಯಾಥೆಡ್ರಲ್‌ಗೆ ಒಂದೂವರೆ ಗಂಟೆ ಕೊಡಿ. ಮುಂಭಾಗದಿಂದ ಶುರು ಮಾಡಬೇಡಿ, ರ್ಯೂ ಸ್ಯಾಂ-ರೋಮ್ಯಾಂ ಕಡೆಯಿಂದ ಬರುವಾಗ ಎಡಕ್ಕೆ ಸಿಗುವ ಪುಸ್ತಕ ವ್ಯಾಪಾರಿಗಳ ಅಂಗಳಕ್ಕೆ ಮೊದಲು ಹೋಗಿ. ಉತ್ತರದ ಬಾಗಿಲು, ಪೋರ್ತಾಯ್ ದೆ ಲಿಬ್ರೇರ್. ಎಲ್ಲರೂ ಮೇಲೆ ನೋಡುತ್ತಾರೆ, ನೀವು ಕೆಳಗೆ ನೋಡಿ. ಕಣ್ಣಿನ ಮಟ್ಟದಲ್ಲೇ ನಾಲ್ಕೆಸಳಿನ ಚೌಕಟ್ಟುಗಳು, ಒಂದೊಂದೂ ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದು. ವೀಣೆಯಂಥ ವಾದ್ಯ ನುಡಿಸುವ ಹಂದಿ, ಮೂತ್ರದ ಸೀಸೆ ಎತ್ತಿಹಿಡಿದು ಪರೀಕ್ಷಿಸುವ ವೈದ್ಯ, ಅವನಿಗೆ ಸೊಂಟದಿಂದ ಕೆಳಗೆ ಬಾತುಕೋಳಿಯ ದೇಹ. ಉತ್ತರಕ್ಕೆ ಮುಖ ಮಾಡಿರುವುದರಿಂದ ನೇರ ಬಿಸಿಲು ಬೀಳುವುದಿಲ್ಲ, ಯಾವ ಹೊತ್ತಿನಲ್ಲಿ ಹೋದರೂ ಕೆತ್ತನೆ ಒಂದೇ ರೀತಿ ಸ್ಪಷ್ಟ. ಗೇಟ್ ಮುಚ್ಚಿದ್ದರೆ ಕಂಬಿಯ ಸಂದಿಯಿಂದ ನೋಡಲು ದುರ್ಬೀನು ಬೇಕು.

ಆಮೇಲೆ ಪಶ್ಚಿಮ ಮುಖ. 3ರ ನಂತರ ಬಿಸಿಲು ಓರೆಯಾಗಿ ಬಿದ್ದಾಗ ಕಲ್ಲಿನ ಜಾಲರಿ ಎದ್ದು ಕಾಣುತ್ತೆ. ಚಿತ್ರಕಾರ ಮೊನೆ 1892ರಿಂದ 1894ರವರೆಗೆ ಇದೊಂದೇ ಗೋಡೆಯನ್ನು ಬೇರೆ ಬೇರೆ ಬೆಳಕಿನಲ್ಲಿ ಮೂವತ್ತು ಬಾರಿ ಬಿಡಿಸಿದ್ದು ಸುಮ್ಮನೆ ಅಲ್ಲ. ಎಡಬಾಗಿಲಿನ ಮೇಲೆ ಸ್ನಾನಿಕ ಯೊವಾನ್ನರ ಕತೆ: ಹೆರೋದನ ಔತಣದಲ್ಲಿ ಸಲೋಮೆ ಕುಣಿಯುವುದು ಕಾಲಮೇಲೆ ಅಲ್ಲ, ಕೈಗಳ ಮೇಲೆ ತಲೆಕೆಳಗಾಗಿ. ನಡುಬಾಗಿಲಿಗೆ ಜೆಸ್ಸೆಯ ವಂಶವೃಕ್ಷ, ಅಂದರೆ ಯೇಸುವಿನ ಪೂರ್ವಜರ ಸಾಲು.

ಒಳಗೆ ಬಲಿಪೀಠದ ಹಿಂದಿನ ಪ್ರದಕ್ಷಿಣಾ ಪಥಕ್ಕೆ ನೇರ ಹೋಗಿ. ಬಲಿಪೂಜೆ ನಡೆಯುವಾಗ ಅದನ್ನು ಮುಚ್ಚುತ್ತಾರೆ, ಶನಿವಾರ ಸಂಜೆಗೆ ಬಿಟ್ಟರೆ ತಪ್ಪಿಹೋಗಬಹುದು. ಅಲ್ಲಿ ಬೈಬಲ್ಲಿನ ಜೋಸೆಫನ ಕತೆಯ ಕಿಟಕಿ. ಕೆಳಭಾಗದಲ್ಲಿ ಶಾರ್ತ್ರ್ ಊರಿನ ಗಾಜುಗಾರ ಕ್ಲೆಮೆಂಟ್ ಎಂದು ಲ್ಯಾಟಿನ್‌ನಲ್ಲಿ ಹೆಸರಿದೆ. 13ನೇ ಶತಮಾನದ ಫ್ರೆಂಚ್ ಗಾಜಿನ ಕೆಲಸಗಾರರು ಸಾಮಾನ್ಯವಾಗಿ ಹೆಸರು ಬರೆಯುತ್ತಿರಲಿಲ್ಲ, ಅದಕ್ಕೇ ಇದು ಅಪರೂಪ. ಹತ್ತಿರದಲ್ಲೇ ಇಂಗ್ಲೆಂಡಿನ ರಾಜ ರಿಚರ್ಡ್ ಸಿಂಹಹೃದಯಿಯ ಮಲಗಿದ ಪ್ರತಿಮೆ. ಅಲ್ಲಿರುವುದು ಹೃದಯ ಮಾತ್ರ, ದೇಹ ಫೋಂತೆವ್ರೋ ಮಠದಲ್ಲಿದೆ.

ನೇರಮಾತು:
ಕ್ಯಾಥೆಡ್ರಲ್ ಮುಂಭಾಗದ ಬಲಗಡೆಯದು ಬೆಣ್ಣೆ ಗೋಪುರ, ಈಸ್ಟರ್‌ಗೆ ಮುಂಚಿನ ಉಪವಾಸದ ತಪಸ್ಸುಕಾಲದಲ್ಲಿ ಬೆಣ್ಣೆ ತಿನ್ನಲು ದುಡ್ಡು ಕೊಟ್ಟು ವಿನಾಯಿತಿ ಪಡೆದವರ ಹಣದಿಂದ ಕಟ್ಟಿದ್ದು. ಇಡೀ ಫ್ರಾನ್ಸ್‌ನಲ್ಲಿ ಇದೊಂದೇ.

ಕಲ್ಲುಕಮಾನು:
ವಿನಾಯಿತಿ ಹಣದ ಮಾತು ಸರಿ, "ಇದೊಂದೇ" ಎನ್ನುವುದು ಸರಿಯಲ್ಲ. ಬೂರ್ಜ್ ಕ್ಯಾಥೆಡ್ರಲ್‌ನಲ್ಲೂ ಬೆಣ್ಣೆ ಗೋಪುರ ಇದೆ. ರುವಾಂನದು 1485ರಿಂದ 1506ರ ನಡುವಿನದು. ಎಡಗಡೆಯ ಸ್ಯಾಂ-ರೋಮ್ಯಾಂ ಗೋಪುರ 12ನೇ ಶತಮಾನದ್ದು, ಅಲಂಕಾರ ಕಡಿಮೆ. ಎರಡನ್ನೂ ಪಕ್ಕಪಕ್ಕ ನೋಡಿದರೆ ಮುನ್ನೂರೈವತ್ತು ವರ್ಷಗಳ ಗೋಥಿಕ್ಕಿನ ಮೊದಲೂ ಕೊನೆಯೂ ಒಂದೇ ಮುಖದಲ್ಲಿ ಸಿಗುತ್ತೆ.

ನಡುವಿನ ಶಿಖರ ಕಲ್ಲಿನದಲ್ಲ, ಬೀಡುಕಬ್ಬಿಣದ್ದು. 1822ರಲ್ಲಿ ಸಿಡಿಲು ಬಡಿದು ಹಳೆಯ ಶಿಖರ ಸುಟ್ಟುಹೋಯಿತು. ಹೊಸದು ಮುಗಿದದ್ದು 1876ರಲ್ಲಿ, ಎತ್ತರ 151 ಮೀಟರ್, ಕೊಲೋನ್ ಕ್ಯಾಥೆಡ್ರಲ್ 1880ರಲ್ಲಿ ಮುಗಿಯುವ ತನಕ ಜಗತ್ತಿನಲ್ಲೇ ಎತ್ತರದ ಕಟ್ಟಡ. ಅದರ ದುರಸ್ತಿ ಕೆಲವು ವರ್ಷಗಳಿಂದ ನಡೆಯುತ್ತಿದೆ. 2024ರ ಜುಲೈ 11ರಂದು ಹೊತ್ತಿಕೊಂಡದ್ದು ಆ ಕೆಲಸಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಹೊದಿಕೆ. ಮೇಲ್ಭಾಗ ಸಾರುವೆಯಲ್ಲಿ ಮುಚ್ಚಿದ್ದರೆ ಬೇಸರ ಮಾಡಿಕೊಳ್ಳಬೇಡಿ, ನೋಡಬೇಕಾದದ್ದೆಲ್ಲ ಅದರ ಕೆಳಗಿದೆ.

ಅರೆಕಾಲಿಕ:
ದಾರಿಯ ಮರದ ಚೌಕಟ್ಟಿನ ಮನೆಗಳಿಗೆ ಒಂದು ಸುಲಭ ಲೆಕ್ಕ. ಮೇಲಿನ ಅಂತಸ್ತು ಕೆಳಗಿನದಕ್ಕಿಂತ ರಸ್ತೆ ಕಡೆ ಮುಂದಕ್ಕೆ ಚಾಚಿದ್ದರೆ ಅದು 1520ಕ್ಕಿಂತ ಹಿಂದಿನದು ಎಂದುಕೊಳ್ಳಿ. ಆ ವರ್ಷ ಹಾಗೆ ಚಾಚಿ ಕಟ್ಟುವುದನ್ನು ನಿಷೇಧಿಸಿದರು. ರ್ಯೂ ಸ್ಯಾಂ-ರೋಮ್ಯಾಂ, ರ್ಯೂ ದಾಮಿಯೆತ್ ಎರಡರಲ್ಲೂ ಎರಡೂ ಬಗೆಯವು ಸಿಗುತ್ತವೆ. ದಾಮಿಯೆತ್‌ನಲ್ಲಿ ಇಳಿಯುವಾಗ ರಸ್ತೆಯ ತುದಿಗೆ ಸ್ಯಾಂ-ಮಾಕ್ಲು ಶಿಖರ ಸರಿಯಾಗಿ ನಡುವೆ ಬರುತ್ತೆ, ಫೋಟೋ ಅಲ್ಲೇ ತೆಗೆಯಿರಿ.

ಪಯಣಿಗ_ಹಾಸನ:
ಗಡಿಯಾರದ ಗೋಪುರ ಹತ್ತಲು ಅಮ್ಮನಿಗೆ ಆಗುತ್ತಾ?

ನಾರ್ಮಂಡಿ_ಕನ್ನಡಿಗ:
ಬೇಡವೇ ಬೇಡ. ಇಕ್ಕಟ್ಟಾದ ಸುರುಳಿ ಮೆಟ್ಟಿಲು. ಕೆಳಗೆ ನಿಂತರೆ ಸಾಕು, ಮುಖ್ಯವಾದದ್ದು ರಸ್ತೆಯಿಂದಲೇ ಕಾಣುತ್ತೆ. ಮುಳ್ಳು ಒಂದೇ, ಗಂಟೆಯದು. ಅದರ ತುದಿಯಲ್ಲಿ ಪುಟ್ಟ ಕುರಿಮರಿ, ಉಣ್ಣೆಯಿಂದ ಬೆಳೆದ ಊರಿನ ಲಾಂಛನ. ನಿಮಿಷದ ಮುಳ್ಳಿಲ್ಲದ ಕಾರಣ ಅಂದಾಜಿನಲ್ಲಿ ಓದಬೇಕು. ಮೇಲಿನ ಗೋಳ ಚಂದ್ರನ ಕಲೆ ತೋರಿಸುತ್ತೆ, ಕೆಳಗಿನ ಕಿಂಡಿಯಲ್ಲಿ ಆಯಾ ದಿನದ ದೇವತೆ. ಯಂತ್ರ 1389ರದ್ದು, 1928ರ ತನಕ ಅದೇ ನಡೆಯುತ್ತಿತ್ತು. ಕಮಾನಿನ ಅಡಿಗೆ ಹೋಗಿ ಕತ್ತೆತ್ತಿ ನೋಡಿ, ಕುರಿಗಳ ನಡುವೆ ಕುರುಬನಾಗಿ ಯೇಸು.

ಮಂಡಿಗೆ ನಿಜವಾದ ತೊಂದರೆ ಕಲ್ಲುಹಾಸು. ಸ್ಯಾಂ-ಮಾಕ್ಲು ಸುತ್ತ ಮತ್ತು ರ್ಯೂ ಸ್ಯಾಂ-ರೋಮ್ಯಾಂನಲ್ಲಿ ಕಲ್ಲು ಏರುಪೇರು, ಮಳೆ ಬಂದರೆ ಜಾರುತ್ತೆ, ಅಲ್ಲಿ ಮಳೆ ಯಾವಾಗ ಬೇಕಾದರೂ ಬರುತ್ತೆ. ಚಪ್ಪಲಿ ಬೇಡ, ದಪ್ಪ ರಬ್ಬರ್ ಅಡಿಯ ಶೂ. ಬೇಸಗೆಯಲ್ಲೂ ಒಂದು ಸ್ವೆಟರ್, ಚರ್ಚುಗಳ ಒಳಗೆ ತಣ್ಣಗಿರುತ್ತೆ.

ಗಾಜುಕಿಟಕಿ:
ಕೊನೆಯ ಚರ್ಚನ್ನು ಸುಸ್ತಾದಾಗ ನೋಡುವುದೇ ಒಳ್ಳೆಯದು, ಏಕೆಂದರೆ ಅಲ್ಲಿ ಕೂತೇ ನೋಡಬಹುದು. ಹೊರಗಿನಿಂದ ಮಗುಚಿದ ದೋಣಿಯಂತೆ ಕಾಣುವ 1979ರ ಕಟ್ಟಡ, ಲೂಯಿ ಅರೆಶ್ ಎಂಬವರ ವಿನ್ಯಾಸ. ಹಲವರಿಗೆ ಹಿಡಿಸುವುದಿಲ್ಲ. ಒಳಗೆ ಒಂದು ಗೋಡೆ ಪೂರ್ತಿ 16ನೇ ಶತಮಾನದ ಗಾಜು. ಅದು ಸ್ಯಾಂ-ವ್ಯಾಂಸಾಂ ಎಂಬ ಬೇರೆ ಚರ್ಚಿನದು. ಎರಡನೇ ಮಹಾಯುದ್ಧಕ್ಕೆ ಮುಂಜಾಗ್ರತೆಯಾಗಿ ಗಾಜು ಬಿಚ್ಚಿ ಸಾಗಿಸಿದ್ದರು. 1944ರಲ್ಲಿ ಬಾಂಬ್ ಬಿದ್ದು ಚರ್ಚ್ ನಾಶವಾಯಿತು, ಗಾಜು ಉಳಿಯಿತು. ಅದಕ್ಕೆ ಹೊಂದುವಂತೆ ಈ ಗೋಡೆ ಕಟ್ಟಿದರು. ಬೇರೆ ಕಡೆ ಇಂಥ ಕಿಟಕಿಗಳು ಎಲ್ಲೋ ಮೇಲಿರುತ್ತವೆ, ಇಲ್ಲಿ ಕೆಳಗಿನ ಅಂಚು ಹತ್ತಿರಕ್ಕೇ ಬರುತ್ತೆ. ಬೋವೆ ಊರಿನ ಗಾಜುಚಿತ್ರಕಾರ ಆಂಗ್ರಾಂ ಲೆ ಪ್ರ್ಯಾಂಸ್ ಕೈಯ ಮುಖಗಳಲ್ಲಿ ಗಡ್ಡದ ಒಂದೊಂದು ಕೂದಲೂ ಕುಂಚದ ಗೆರೆಯಾಗಿ ಕಾಣುತ್ತೆ. ಫೋನಿನಲ್ಲಿ ಫೋಟೋ ತೆಗೆಯುವಾಗ ಪರದೆಯಲ್ಲಿ ಗಾಜು ಕಾಣುವ ಕಡೆ ಒತ್ತಿ ಬೆಳಕು ಇಳಿಸಿ, ಇಲ್ಲದಿದ್ದರೆ ಎಲ್ಲ ಬೆಳ್ಳಗಾಗುತ್ತೆ. ಫ್ಲ್ಯಾಶ್ ಬೇಡ, ಪ್ರಯೋಜನವೂ ಇಲ್ಲ.

ಪಯಣಿಗ_ಹಾಸನ:
ಶನಿವಾರ ಖಚಿತವಾಯಿತು, ಟಿಕೆಟ್ ಬದಲಾಯಿಸಿದೆ. ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆ: ವಾಪಸ್ ಸ್ಟೇಷನ್‌ಗೆ ಏರು ದಾರಿ ಅಲ್ಲವೇ?

ನಾರ್ಮಂಡಿ_ಕನ್ನಡಿಗ:
ಹೌದು, ಕಾಲು ಗಂಟೆ ಏರು. ಅಮ್ಮನವರನ್ನು ನಡೆಸಬೇಡಿ. ವಿಯು-ಮಾರ್ಶೆಯಿಂದ ರ್ಯೂ ಝಾನ್-ದಾರ್ಕ್‌ಗೆ ಬಂದರೆ ಪಾಲೇ ದ ಝ್ಯುಸ್ತೀಸ್ ಮೆಟ್ರೋ ನಿಲ್ದಾಣ, ಅಲ್ಲಿಂದ ಮುಂದಿನದೇ ಗಾರ್–ರ್ಯೂ ವೆರ್ತ್, ಅದೇ ರೈಲು ಸ್ಟೇಷನ್. ಸ್ಟೇಷನ್ ಕಡೆಯ ದಿಕ್ಕು ನೋಡಿ ಇಳಿಯಿರಿ. ನಿಲ್ದಾಣ ಆಳದಲ್ಲಿದೆ, ಲಿಫ್ಟ್ ಹುಡುಕಿಕೊಳ್ಳಿ. ಹತ್ತುವ ಮುಂಚೆ ಟಿಕೆಟ್ ಮುದ್ರೆ ಹಾಕಿಸುವುದು ಮರೆಯಬೇಡಿ. ಮೆಟ್ರೋ ಪಕ್ಕದ ನ್ಯಾಯಾಲಯದ ಗೋಡೆಯಲ್ಲಿ 1944ರ ಬಾಂಬ್ ಚೂರುಗಳು ಮಾಡಿದ ತೂತುಗಳನ್ನು ಹಾಗೇ ಬಿಟ್ಟಿದ್ದಾರೆ, ರ್ಯೂ ಝಾನ್-ದಾರ್ಕ್ ಕಡೆಯ ಮುಖದಲ್ಲಿ. ರೈಲಿಗೆ ಹೊತ್ತಿದ್ದರೆ ಎರಡು ನಿಮಿಷ ನಿಂತು ನೋಡಿ.